ರೊಟ್ಟಿ ಬಡಿಯುವ ಮೈಗೆ ಯಾವ ಸ್ನಾಯು ಬಿಟ್ಟುಕೊಡಬಹುದು? ಪುಣೆಯ ಒಂದು ಸ್ತನ ಮರುನಿರ್ಮಾಣದ ಪ್ರಕರಣ

ವಯಸ್ಸು 46. ಊರು ವಿಜಯಪುರ ಜಿಲ್ಲೆಯ ಕಡೆ, ಇರುವುದು ಪುಣೆಯ ಪಿಂಪ್ರಿ-ಚಿಂಚ್‌ವಡದಲ್ಲಿ. ಎಡ ಸ್ತನದ ಕ್ಯಾನ್ಸರ್‌ಗೆ ಪೂರ್ತಿ ಸ್ತನ ತೆಗೆದಿದ್ದರು, ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದರು. ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಎರಡು ವರ್ಷ ಕಳೆದ ಮೇಲೆ ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಂದು ಹೊಸ ಸ್ತನ ಕಟ್ಟಿದರು. ನಾನು ಆಕೆಯ ಫಿಸಿಯೋಥೆರಪಿಸ್ಟ್. ಆಪರೇಷನ್ನಿಗೆ ಮುಂಚಿನ ತಯಾರಿಯಿಂದ ಹಿಡಿದು ಒಂದು ವರ್ಷದ ಫಾಲೋ-ಅಪ್‌ವರೆಗೆ ಜೊತೆಗಿದ್ದೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ಅಕ್ಕ ಅಂತ ಕರೆಯೋಣ.

ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಇದೇ. ಅದರಲ್ಲಿ ತುಂಬಾ ಜನರಿಗೆ ಸ್ತನ ತೆಗೆಯುವ ದಿನ "ಇದನ್ನು ಮತ್ತೆ ಕಟ್ಟಬಹುದು" ಅಂತ ಯಾರೂ ಹೇಳಿರುವುದಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ಗೊತ್ತಾಗಿದ್ದು ಚೆಕಪ್‌ಗೆ ಬಂದಾಗ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಹೆಂಗಸಿನ ಬಾಯಿಂದ. ಬೇಕೋ ಬೇಡವೋ ಅನ್ನುವುದು ಅವರವರ ಇಷ್ಟ. ಬೇಡ ಅನ್ನುವುದೂ ಪೂರ್ತಿ ಸರಿಯಾದ ಉತ್ತರವೇ. ಆದರೆ ಕೇಳಬೇಕಲ್ವಾ? ಕೇಳದೇ ಇರುವುದು ನನಗೆ ಒಪ್ಪಿಗೆಯಿಲ್ಲ.

ಆಕೆಗೆ ಯಾಕೆ ಬೇಕಿತ್ತು

ಅಕ್ಕ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಪಿಂಪ್ರಿ, ಭೋಸರಿ ಕಡೆಯ ಫ್ಯಾಕ್ಟರಿಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಬೇಕಾದಷ್ಟಿದ್ದಾರೆ. ಅವರು ಊಟ ಮಾಡುವ ಖಾನಾವಳಿಗಳಿಗೆ ಬಿಸಿ ರೊಟ್ಟಿ, ಊರಿಗೆ ಹೋಗಿಬರುವವರಿಗೆ ಖಡಕ್ ರೊಟ್ಟಿ. ಗಂಡ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಆದರೆ ಮಗಳ ಕಾಲೇಜು ಫೀಸು ರೊಟ್ಟಿಯಿಂದಲೇ ನಡೆಯುತ್ತದೆ.

ನೆಲದ ಮೇಲೆ ಕೂತು, ಪರಾತ ಅನ್ನುವ ಅಗಲ ತಟ್ಟೆಯ ಮೇಲೆ ಬಗ್ಗಿ, ಬಿಸಿನೀರಲ್ಲಿ ಹಿಟ್ಟು ನಾದಿ, ರೊಟ್ಟಿ ಬಡಿಯುವುದು. ಬ್ಲೌಸಿನೊಳಗೆ ಎಡಗಡೆ ಹತ್ತಿ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಿದ್ದರು. ಆಸ್ಪತ್ರೆಯವರು ಸಿಲಿಕಾನ್ ಪ್ಯಾಡನ್ನೂ ತೋರಿಸಿದ್ದರು. ಒಲೆ ಮುಂದೆ ಬೆವರಿಗೆ ಅದು ನಿಲ್ಲಲಿಲ್ಲ.

"ಬಾಯಾರ, ರೊಟ್ಟಿ ಬಡ್ಯಾಕ ಬಗ್ಗಿದ್ರ ಅರಬಿ ಮುಂದ ಬಂದ್ ಬಿಡ್ತೈತ್ರಿ. ಹಿಟ್ಟಿನ ಕೈಲೆ ಎಷ್ಟ್ ಸಲ ಸರಿ ಮಾಡ್ಕೋಬೇಕ್ರಿ?"

ಮೊದಲ ಭೇಟಿಯಲ್ಲಿ ಆಕೆ ಹೇಳಿದ್ದು ಇಷ್ಟೇ. ಚೆಂದ ಕಾಣಬೇಕು ಅನ್ನುವ ಮಾತೇ ಬರಲಿಲ್ಲ. ಬಂದಿದ್ದರೂ ತಪ್ಪೇನಿರಲಿಲ್ಲ. ಮನೆಯಲ್ಲಿ ಅತ್ತೆ ಮಾತ್ರ ಒಪ್ಪಲಿಲ್ಲ. "ಮಗಳು ಲಗ್ನದ ವಯಸ್ಸಿಗೆ ಬಂದಾಳ, ನಿನಗ ಈಗ್ಯಾಕ ಇದೆಲ್ಲ?" ಗಂಡನ ಭಯ ಬೇರೆಯೇ ಇತ್ತು: ಹೊಸದು ಕಟ್ಟಿದರೆ ಅದರ ಕೆಳಗೆ ಕ್ಯಾನ್ಸರ್ ಮತ್ತೆ ಬಂದರೆ ಗೊತ್ತಾಗುತ್ತದೆಯೇ? ಸರ್ಜನ್ ಕೂರಿಸಿಕೊಂಡು ವಿವರಿಸಿದರು. ಮರುನಿರ್ಮಾಣದಿಂದ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ, ಮರಳಿದರೆ ಪತ್ತೆ ಹಚ್ಚುವುದಕ್ಕೂ ಅಡ್ಡಿಯಾಗುವುದಿಲ್ಲ. ಅದಾದ ಮೇಲೆ ಗಂಡನೇ ಅತ್ತೆಯ ಹತ್ತಿರ ಮಾತಾಡಿದರು.

ಎಲ್ಲಿಂದ ತೆಗೆಯುವುದು

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವ ಭಾಗ ಇದೇ. ಸ್ನಾಯುವನ್ನು ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ಸ್ಕ್ಯಾನ್ ಮತ್ತು ಸರ್ಜನ್ನರ ಕೈಪಳಗು ಎರಡರಿಂದಲೇ ನಿರ್ಧರಿಸಬಾರದು. ಆ ಸ್ನಾಯು ಆ ಹೆಂಗಸಿನ ದಿನದಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಮೊದಲು ನೋಡಬೇಕು.

ಇಂಪ್ಲಾಂಟ್, ಅಂದರೆ ಚರ್ಮದ ಒಳಗೆ ಇಡುವ ಕೃತಕ ಸ್ತನ, ಹಾಕುವ ದಾರಿ ಮೊದಲೇ ಮುಚ್ಚಿತ್ತು ಅನ್ನಬಹುದು. ರೇಡಿಯೇಷನ್ ಆದ ಎದೆಯ ಚರ್ಮ ಕಪ್ಪಾಗಿ, ಬಿಗಿಯಾಗಿ, ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಬೆರಳಲ್ಲಿ ಚಿವುಟಿದರೆ ಮೇಲೇಳುತ್ತಿರಲಿಲ್ಲ. ಇಂಥ ಚರ್ಮದ ಕೆಳಗೆ ಬರೀ ಇಂಪ್ಲಾಂಟ್ ಇಟ್ಟರೆ ಸುತ್ತ ಗಟ್ಟಿ ಪೊರೆ ಕಟ್ಟುವುದು, ಸೋಂಕಾಗುವುದು, ಗಾಯ ಬಾಯಿಬಿಡುವುದು ಜಾಸ್ತಿ. ಹೊಸ ರಕ್ತನಾಳದ ಜೊತೆ ಬರುವ, ರೇಡಿಯೇಷನ್ ತಾಗದ ಚರ್ಮವೇ ಬೇಕಿತ್ತು.

ಹೊಟ್ಟೆಯಿಂದ ತರಬಹುದು. ಹೊಟ್ಟೆಯ ಮುಂಭಾಗದ ಉದ್ದ ಸ್ನಾಯುವನ್ನು ಅದರ ಮೇಲಿನ ಚರ್ಮ, ಕೊಬ್ಬು ಸಮೇತ ಎದೆಗೆ ಏರಿಸುವ ಪದ್ಧತಿಯನ್ನು ಅಮೆರಿಕದ ಕಾರ್ಲ್ ಹಾರ್ಟ್ರಾಂಫ್ 1982ರಲ್ಲಿ ಪ್ರಕಟಿಸಿದರು. ಟ್ರ್ಯಾಮ್ ಫ್ಲ್ಯಾಪ್ ಅಂತಾರೆ. ಹೀಗೆ ಒಂದು ಜಾಗದಿಂದ ಇನ್ನೊಂದಕ್ಕೆ ತರುವ ಮೈಯ ತುಂಡೇ ಫ್ಲ್ಯಾಪ್. ಬೇಕಾದಷ್ಟು ಕೊಬ್ಬು ಸಿಗುತ್ತದೆ, ಇಂಪ್ಲಾಂಟ್ ಬೇಕಾಗುವುದಿಲ್ಲ. ಆದರೆ ಹೊಟ್ಟೆಯ ಗೋಡೆ ಸೊರಗುತ್ತದೆ, ಉಬ್ಬು ಅಥವಾ ಹರ್ನಿಯಾ ಬರಬಹುದು. ಸ್ನಾಯುವನ್ನು ಅಲ್ಲೇ ಬಿಟ್ಟು ಚರ್ಮ ಮತ್ತು ಕೊಬ್ಬನ್ನು ಮಾತ್ರ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಜೋಡಿಸುವ ಡೀಪ್ ಫ್ಲ್ಯಾಪ್ 1990ರ ದಶಕದಿಂದ ಬಳಕೆಯಲ್ಲಿದೆ. ಅನುಕೂಲ ಇರುವ ಕಡೆ ಇವತ್ತು ಹೆಚ್ಚಿನವರು ಅದನ್ನೇ ಮೆಚ್ಚುತ್ತಾರೆ. ಅಕ್ಕನಿಗೆ ಎರಡೂ ಆಗುವಂತಿರಲಿಲ್ಲ. ಕೆಲವು ವರ್ಷದ ಹಿಂದೆ ಹೊಕ್ಕುಳದ ಹರ್ನಿಯಾಗೆ ಜಾಲರಿ ಹಾಕಿ ಹೊಲಿದಿದ್ದರು. ಚರ್ಮಕ್ಕೆ ಬರುವ ಸಣ್ಣ ರಕ್ತನಾಳಗಳು ಅಲ್ಲಿ ಉಳಿದಿವೆ ಅನ್ನುವ ನಂಬಿಕೆ ಇಲ್ಲ. ಮೇಲಾಗಿ ಆಕೆ ಹಿಟ್ಟಿನ ಚೀಲ ಎತ್ತುವವರು. ಒಮ್ಮೆ ಹರಿದು ಹೊಲಿದ ಹೊಟ್ಟೆಯನ್ನು ಮತ್ತೆ ಬಳಸುವುದು ಸರಿಯಲ್ಲ ಅಂತ ಸರ್ಜನ್ ನೇರವಾಗಿ ಹೇಳಿದರು.

ಉಳಿದಿದ್ದು ಬೆನ್ನು. ಲ್ಯಾಟಿಸಿಮಸ್ ಡಾರ್ಸೈ. ಜಿಮ್ಮಿನ ಹುಡುಗರು ಲ್ಯಾಟ್ಸ್ ಅನ್ನುವ ಅಗಲವಾದ ಸ್ನಾಯು. ಕೆಳ ಬೆನ್ನಿನ ನಡುವಿನಿಂದ ಹೊರಟು, ಪಕ್ಕೆಯನ್ನು ಸುತ್ತಿ, ಕಂಕುಳಿನ ಹಿಂಬದಿಯಿಂದ ತೋಳಿನ ಎಲುಬಿಗೆ ಸೇರುತ್ತದೆ. ಇದಕ್ಕೆ ರಕ್ತ ಬರುವುದು ಮುಖ್ಯವಾಗಿ ಕಂಕುಳಿನ ಒಂದು ನಾಳದಿಂದ. ಆ ನಾಳವನ್ನು ಕತ್ತರಿಸದೆ ಸ್ನಾಯುವಿನ ಉಳಿದ ತುದಿಗಳನ್ನೆಲ್ಲ ಬಿಡಿಸಿ, ಕಂಕುಳಿನ ಚರ್ಮದ ಕೆಳಗಿನಿಂದ ಮುಂದಕ್ಕೆ ತರುತ್ತಾರೆ. ಬಳ್ಳಿಯನ್ನು ಬೇರು ಕೀಳದೆ ಪಕ್ಕದ ಚಪ್ಪರಕ್ಕೆ ಹಬ್ಬಿಸಿದ ಹಾಗೆ. ಇಟಲಿಯ ಇಜಿನಿಯೊ ತಾನ್ಸೀನಿ ಇದನ್ನು 1906ರಲ್ಲೇ ಬರೆದಿದ್ದರು. ಆಮೇಲೆ ದಶಕಗಟ್ಟಲೆ ಮೂಲೆ ಸೇರಿ, 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು.

ಪುಣೆಯಲ್ಲಿ ಕೂತು ಇದನ್ನು ಬರೆಯುವಾಗ ಒಂದು ಮಾತು ಹೇಳದೇ ಇರಲಾರೆ. ರಕ್ತನಾಳದ ಬುಡ ಬಿಟ್ಟು ಮೈಯ ಒಂದು ತುಂಡನ್ನು ಪಕ್ಕಕ್ಕೆ ತಿರುಗಿಸುವ ಈ ವಿದ್ಯೆ ಪಶ್ಚಿಮದವರ ಗಮನವನ್ನು ಜೋರಾಗಿ ಸೆಳೆದಿದ್ದು ಇದೇ ಊರಿನ ಒಂದು ಪ್ರಕರಣದಿಂದ. ಬ್ರಿಟಿಷರ ಸೈನ್ಯದಲ್ಲಿ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಅನ್ನುವವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸಿಕ್ಕಿ ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಒಬ್ಬ ಸ್ಥಳೀಯ ಕಸುಬುದಾರ ಹಣೆಯ ಚರ್ಮವನ್ನು ಹುಬ್ಬುಗಳ ನಡುವೆ ಬುಡ ಬಿಟ್ಟು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಇಂಗ್ಲಿಷ್ ವೈದ್ಯರು ಕಣ್ಣಾರೆ ನೋಡಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಮುಖದ ಚರ್ಮದಿಂದ ಬೆನ್ನಿನ ಸ್ನಾಯುವರೆಗೆ ತತ್ವ ಒಂದೇ: ರಕ್ತ ಬರುವ ದಾರಿ ಉಳಿಸಿಕೋ.

ಈಗ ರೊಟ್ಟಿಯ ವಿಚಾರ. ಲ್ಯಾಟ್ಸ್ ಮಾಡುವ ಕೆಲಸ ತೋಳನ್ನು ಕೆಳಕ್ಕೆ, ಹಿಂದಕ್ಕೆ, ಮೈ ಕಡೆಗೆ ಎಳೆಯುವುದು. ಈಜು, ಮರ ಹತ್ತುವುದು, ನೆಲಕ್ಕೆ ಕೈ ಊರಿ ಏಳುವುದು, ಎಲ್ಲಕ್ಕೂ ಬೇಕು. ಹಿಟ್ಟು ಒತ್ತಿ ನಾದುವುದಕ್ಕೂ ಬೇಕು. ಹಾಗಾಗಿ ಅಕ್ಕನಿಗೆ ಪರಾತ, ಹಿಟ್ಟು ತರಲು ಹೇಳಿ ನನ್ನ ಮುಂದೆಯೇ ರೊಟ್ಟಿ ಬಡಿಸಿ ನೋಡಿದೆ. ಬಲಗೈ ಬಡಿಯುತ್ತದೆ. ಎಡಗೈ ಅಂಚನ್ನು ಹಿಡಿದು ತಿರುಗಿಸುತ್ತದೆ ಅಷ್ಟೇ, ಜೋರು ಹಾಕುವುದಿಲ್ಲ. ನಾದುವಾಗ ಮಾತ್ರ ಎರಡೂ ಕೈ ಸಮ ಒತ್ತುತ್ತವೆ. ತೆಗೆಯಬೇಕಿದ್ದು ಎಡ ಸ್ನಾಯು. ಒಂದು ಕಡೆಯ ಲ್ಯಾಟ್ಸ್ ಹೋದರೆ ಅದರ ಪಕ್ಕದ ಟೆರೆಸ್ ಮೇಜರ್ ಮತ್ತು ಎದೆಯ ಸ್ನಾಯು ಕೆಲಸದ ದೊಡ್ಡ ಪಾಲನ್ನು ವಹಿಸಿಕೊಳ್ಳುತ್ತವೆ. ಅದಕ್ಕೆ ತಿಂಗಳುಗಳು ಬೇಕು, ವ್ಯಾಯಾಮ ಬೇಕು. ಇದನ್ನು ಸರ್ಜನ್‌ಗೆ ಬರೆದು ಕೊಟ್ಟೆ. ಆಕೆಗೂ ಅದನ್ನೇ ಹೇಳಿದೆ: "ಅಕ್ಕಾರ, ರೊಟ್ಟಿಗೆ ತೊಂದ್ರಿ ಇಲ್ರಿ. ನೆಲದಿಂದ ಏಳೂದು, ಚೀಲ ಎಳ್ಯೂದು ಕೆಲವು ತಿಂಗಳು ಕಷ್ಟ ಆಗ್ತೈತಿ."

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಕಂಕುಳಿನ ಗಂಟು ತೆಗೆಯುವಾಗ ಈ ಸ್ನಾಯುವಿನ ನಾಳಕ್ಕೂ ನರಕ್ಕೂ ಪೆಟ್ಟು ಬಿದ್ದಿರಬಹುದು. ಎರಡೂ ಒಟ್ಟಿಗೇ ಹಾದು ಹೋಗುತ್ತವೆ. ಸೊಂಟದ ಮೇಲೆ ಕೈ ಊರಿ ಜೋರಾಗಿ ಒತ್ತಿ ಅಂದೆ. ಕಂಕುಳಿನ ಹಿಂದಿನ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೆ. ಬೆರಳ ನಡುವೆ ಸ್ನಾಯು ಗಟ್ಟಿಯಾಯಿತು. ನರ ಬದುಕಿದೆ ಅಂದರೆ ಪಕ್ಕದ ನಾಳವೂ ಉಳಿದಿರುವ ಸಾಧ್ಯತೆ ಹೆಚ್ಚು. ಆಮೇಲೆ ಡಾಪ್ಲರ್ ಅನ್ನುವ ಯಂತ್ರದಲ್ಲೂ ರಕ್ತದ ಹರಿವು ಕೇಳಿಸಿತು.

ಮಶೇರಿ

ಆಪರೇಷನ್ ದಿನ ಗೊತ್ತಾಗಿ ಅಕ್ಕ ತಪಾಸಣೆಗೆ ವಾರ್ಡಿಗೆ ಬಂದಿದ್ದರು. ಬೆಳಿಗ್ಗೆ ಬೇಸಿನ್ ಹತ್ತಿರ ಹಲ್ಲುಜ್ಜುತ್ತಿದ್ದಾಗ ವಾರ್ಡಿನ ಮಾವಶಿ (ಆಯಾ) ನೋಡಿದರು. ಬೆರಳ ತುದಿಯಲ್ಲಿ ಕಪ್ಪು ಪುಡಿ. ಸೆರಗಿನ ಗಂಟಿನಲ್ಲಿ ಸಣ್ಣ ಡಬ್ಬಿ. ಮಾವಶಿಗೆ ನೋಡಿದ ಕೂಡಲೇ ಗೊತ್ತಾಯಿತು, ಸಿಸ್ಟರ್‌ಗೆ ಹೇಳಿದರು.

ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿದ್ದೇ ಮಶೇರಿ. ಮಿಶ್ರಿ ಅಂತಲೂ ಅನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಹೆಂಗಸರು ಹಲ್ಲುಜ್ಜಲು ಬಳಸುತ್ತಾರೆ. ಉಜ್ಜಿ ಸ್ವಲ್ಪ ಹೊತ್ತು ಬಾಯಲ್ಲೇ ಬಿಡುತ್ತಾರೆ. ದಿನಕ್ಕೆ ಎರಡು ಮೂರು ಸಲ ಆಗುತ್ತದೆ, ಬಿಟ್ಟರೆ ತಲೆ ಹಿಡಿಯುತ್ತದೆ. ಅಕ್ಕನ ಫೈಲಿನಲ್ಲಿ "ಧೂಮಪಾನ: ಇಲ್ಲ" ಅಂತ ಬರೆದಿತ್ತು. ಆಕೆ ಸುಳ್ಳು ಹೇಳಿರಲಿಲ್ಲ. ಬೀಡಿ, ಸಿಗರೇಟು ಮುಟ್ಟಿದವರೇ ಅಲ್ಲ.

"ಬಾಯಾರ, ಅದು ಹಲ್ಲಿಗ್ರಿ. ಅದಕ್ಕೂ ಎದಿಗೂ ಏನ್ ಸಂಬಂಧ್ರಿ?"

ಸಂಬಂಧ ಇದೆ. ಹೊಗೆ ಇರಲಿ ಬಿಡಲಿ, ನಿಕೋಟಿನ್ ರಕ್ತಕ್ಕೆ ಸೇರಿದರೆ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ. ಫ್ಲ್ಯಾಪ್‌ನ ಅಂಚು, ಬೆನ್ನಿನ ಉದ್ದ ಹೊಲಿಗೆ, ಮೊದಲೇ ರೇಡಿಯೇಷನ್‌ನಿಂದ ಸೊರಗಿದ ಎದೆಯ ಚರ್ಮ, ಈ ಮೂರೂ ಬದುಕುವುದು ಸಣ್ಣ ನಾಳಗಳ ಮೇಲೆಯೇ. ಬೆನ್ನಿನ ಫ್ಲ್ಯಾಪ್‌ಗೆ ದೊಡ್ಡ ನಾಳ ಇರುವುದರಿಂದ ಅದು ಪೂರ್ತಿ ಸಾಯುವುದು ಅಪರೂಪ. ಹಾಗಂತ ಗಾಯ ಕೊಳೆತರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್. ಸರ್ಜನ್ ಆಪರೇಷನ್ನನ್ನು ಆರು ವಾರ ಮುಂದೆ ಹಾಕಿದರು. ಸಾಮಾನ್ಯವಾಗಿ ಕಡಿಮೆ ಅಂದರೂ ನಾಲ್ಕು ವಾರ ಬಿಟ್ಟಿರಬೇಕು ಅಂತಾರೆ. ಮೂವತ್ತು ವರ್ಷದ ಅಭ್ಯಾಸ ಅನ್ನುವ ಕಾರಣಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಟ್ಟರು.

ಬಿಡಿಸಿದ್ದು ಮಗಳು. ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ, ಹೊಸ ಬ್ರಷ್ಷು, ಪೇಸ್ಟು ತಂದಿಟ್ಟಳು. ಮೊದಲ ವಾರ ತಲೆನೋವು, ಸಿಟ್ಟು, ಹೊಟ್ಟೆ ಕಟ್ಟುವುದು, ಎಲ್ಲ ಆಯಿತು. ಬಾಯಿಗೆ ಲವಂಗ, ಬಡೆಸೋಪು. ಆರನೇ ವಾರಕ್ಕೆ ಅತ್ತೆಯೂ ಬಿಡಲು ನೋಡುತ್ತಿದ್ದರು ಅಂತ ಮಗಳು ಹೇಳಿದಳು.

ನಮ್ಮ ಕಡೆಯ ಹೆಂಗಸರನ್ನು ನೋಡುವ ಡಾಕ್ಟರು, ಸಿಸ್ಟರುಗಳಿಗೆ ನನ್ನ ಬೇಡಿಕೆ ಇದು. "ಸ್ಮೋಕ್ ಮಾಡ್ತೀರಾ" ಅಂತ ಮಾತ್ರ ಕೇಳಬೇಡಿ. "ಹಲ್ಲಿಗೆ ಏನು ಹಚ್ಚುತ್ತೀರಿ, ಬಾಯಲ್ಲಿ ಏನು ಇಟ್ಟುಕೊಳ್ಳುತ್ತೀರಿ, ನಶ್ಯ ಏರಿಸುತ್ತೀರಾ" ಅಂತಲೂ ಕೇಳಿ.

ಈ ನಡುವೆ ದುಡ್ಡಿನ ಗೋಜಲೂ ಬಂತು. ಗಂಡನ ಕಂಪನಿಯ ಗ್ರೂಪ್ ಪಾಲಿಸಿಯವರು ಇದು ಕಾಸ್ಮೆಟಿಕ್ ಸರ್ಜರಿ, ದುಡ್ಡು ಬರುವುದಿಲ್ಲ ಅಂತ ವಾಪಸ್ ಕಳಿಸಿದರು. ಆರೋಗ್ಯ ವಿಮೆಗಳಿಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿರುವ ಷರತ್ತಿನಲ್ಲಿ ಕಾಸ್ಮೆಟಿಕ್ ಸರ್ಜರಿಗೆ ಹಣವಿಲ್ಲ ಅಂತಿರುವುದು ನಿಜ. ಆದರೆ ಅದೇ ಸಾಲಿನಲ್ಲಿ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಮರುನಿರ್ಮಾಣಕ್ಕೆ ಈ ತಡೆ ಅನ್ವಯಿಸುವುದಿಲ್ಲ ಅಂತಲೂ ಇದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಪಾಲಿಸಿಯ ಆ ಸಾಲಿಗೆ ಗುರುತು ಹಾಕಿ, ಕ್ಯಾನ್ಸರ್‌ನ ಹಳೆಯ ಕಾಗದ ಲಗತ್ತಿಸಿ ಮತ್ತೆ ಕಳಿಸಿದರು. ಒಪ್ಪಿಗೆ ಬಂತು. ಮೊದಲ ಕಾಗದ ನೋಡಿ ಎಷ್ಟು ಜನ ಕೈಬಿಡುತ್ತಾರೋ ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಆಪರೇಷನ್ ಮತ್ತು ಮೊದಲ ತಿಂಗಳು

ಬೆಳಿಗ್ಗೆ ಒಳಗೆ ಹೋದವರು ಮಧ್ಯಾಹ್ನ ಹೊರಗೆ ಬಂದರು. ಮೊದಲು ಬಲ ಮಗ್ಗುಲಿಗೆ ಮಲಗಿಸಿ ಬೆನ್ನಿನ ಕೆಲಸ. ಹೊಲಿಗೆಯ ಗೆರೆ ಬ್ರಾ ಪಟ್ಟಿಯ ಕೆಳಗೆ ಮುಚ್ಚಿಹೋಗುವ ಹಾಗೆ ಕಣ್ಣಿನ ಆಕಾರದ ಚರ್ಮದ ತುಂಡು. ಅದರ ಜೊತೆ ಸ್ನಾಯು, ಸುತ್ತಲಿನ ಕೊಬ್ಬನ್ನೂ ಸೇರಿಸಿಕೊಂಡರು. ಹೀಗೆ ಮಾಡಿದರೆ ಇಂಪ್ಲಾಂಟ್ ಇಲ್ಲದೆಯೂ ಸಾಕಷ್ಟು ತುಂಬುತ್ತದೆ. ಆಮೇಲೆ ಅಂಗಾತ ತಿರುಗಿಸಿ, ಎದೆಯ ಹಳೆಯ ಕಲೆ ಬಿಡಿಸಿ, ಹೊಸ ಸ್ತನ ರೂಪಿಸಿದರು. ಬಲಗಡೆಗಿಂತ ತುಸು ಸಣ್ಣದಾಯಿತು. ಅದು ಮೊದಲೇ ಹೇಳಿದ್ದ ಮಾತು.

ಮೊದಲ ಎರಡು ದಿನ ಸಿಸ್ಟರುಗಳ ಪಾಳಿ. ಫ್ಲ್ಯಾಪ್ ಬೆಚ್ಚಗಿದೆಯೇ, ಬಣ್ಣ ಹೇಗಿದೆ, ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರುತ್ತದೆಯೇ. ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ ಅಂತ. ನೀಲಿಗಟ್ಟಿ ಊದಿದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ ಅಂತ. ಎರಡರಲ್ಲಿ ಯಾವುದಾದರೂ ಕೂಡಲೇ ಸರ್ಜನ್‌ಗೆ ಫೋನು. ಅಕ್ಕನಿಗೆ ಎರಡೂ ಆಗಲಿಲ್ಲ. ಹೊಲಿಗೆಯ ಒಂದು ಮೂಲೆ ಸ್ವಲ್ಪ ಕಪ್ಪಾಗಿ, ತಾನಾಗಿ ಸಿಪ್ಪೆ ಬಿಟ್ಟು ವಾಸಿಯಾಯಿತು.

ತೊಂದರೆ ಕೊಟ್ಟಿದ್ದು ಬೆನ್ನು. ಅಷ್ಟು ಅಗಲದ ಸ್ನಾಯು ತೆಗೆದ ಜಾಗದಲ್ಲಿ ನೀರು ತುಂಬಿಕೊಳ್ಳುವುದು ಈ ಆಪರೇಷನ್ನಿನ ಮಾಮೂಲಿ ಕಾಟ. ಸೆರೋಮಾ ಅಂತಾರೆ. ಡ್ರೇನ್ ನಳಿಗೆಯಲ್ಲಿ ದಿನಕ್ಕೆ 30 ಮಿಲಿಗಿಂತ ಕಡಿಮೆ ಬಂದ ಮೇಲೆ ತೆಗೆದರು. ವಾರದೊಳಗೆ ಅಕ್ಕನ ಫೋನು: "ಬಾಯಾರ, ಮಗ್ಗಲಾ ಬದಲಿಸಿದ್ರ ಬೆನ್ನಾಗ ನೀರು ಕುಲುಕ್ತಾವ್ರಿ." ಬಂದಾಗ ಬೆನ್ನಿನ ಕೆಳಭಾಗದಲ್ಲಿ ಅಂಗೈ ಅಗಲದ ಊತ, ಬೆರಳಲ್ಲಿ ತಟ್ಟಿದರೆ ಆಚೆ ಬದಿ ಅಲೆ. ಸೂಜಿ ಹಾಕಿ ತೆಗೆದರು, ತಿಳಿ ಹಳದಿ ನೀರು, ಮೊದಲ ಸಲ 180 ಮಿಲಿ. ಅಲ್ಲಿ ಸ್ಪರ್ಶ ಕಡಿಮೆಯಾದ್ದರಿಂದ ನೋವೇನೂ ಆಗಲಿಲ್ಲ. ಇನ್ನೂ ಕೆಲವು ಸಲ ತೆಗೆದು, ಹೊಟ್ಟೆಪಟ್ಟಿ ಬಿಗಿದು, ತೋಳಿನ ವ್ಯಾಯಾಮ ಸ್ವಲ್ಪ ನಿಧಾನ ಮಾಡಿದ ಮೇಲೆ ನಿಂತಿತು. ಜ್ವರ, ಕೆಂಪು, ಬಿಸಿ ಇದ್ದರೆ ಮಾತ್ರ ಹೆದರಬೇಕು. ಬರೀ ನೀರು ತುಂಬಿದರೆ ಧೈರ್ಯವಾಗಿರಿ.

ಮತ್ತೆ ಪರಾತದ ಮುಂದೆ

ಡ್ರೇನ್ ಇರುವವರೆಗೆ ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಿಸಲಿಲ್ಲ. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುವುದು, ಕೋಲು ಹಿಡಿದು ಎತ್ತುವುದು. ಎಂಟನೇ ವಾರಕ್ಕೆ ತೋಳು ಪೂರ್ತಿ ಮೇಲೆ ಹೋಯಿತು. ಆರು ವಾರ ಭಾರ ಎತ್ತುವುದು ಬೇಡವೇ ಬೇಡ ಅಂತ ಗಂಡನ ಮುಂದೆಯೇ ಹೇಳಿದ್ದೆ. ಹಿಟ್ಟಿನ ಚೀಲವನ್ನು ಐದೈದು ಕಿಲೋದ ಡಬ್ಬಿಗಳಿಗೆ ಹಾಕಿಡುವ ಕೆಲಸ ಅವರದಾಯಿತು. ನೆಲದಿಂದ ಏಳಲು ಎಡಗೈ ಊರದೆ, ಬಲ ಮಗ್ಗುಲಿಗೆ ತಿರುಗಿ, ಮಂಡಿಯೂರಿ ಏಳುವುದನ್ನು ಕಲಿಸಿದೆ. ಆಮೇಲೆ ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ. ಹಿಟ್ಟು ನಾದುವುದನ್ನು ಮೂರನೇ ತಿಂಗಳಲ್ಲಿ ಶುರು ಮಾಡಿದರು, ಮೊದಲು ಮನೆಯವರಿಗೆ ಬೇಕಾಗುವಷ್ಟು ಮಾತ್ರ.

ಆಗ ಒಂದು ದಿನ ಗಾಬರಿಯಿಂದ ಬಂದರು. "ಹಿಟ್ಟು ನಾದಾಕ ಹತ್ತಿದ್ರ ಎದಿ ಜಿಗೀತೈತ್ರಿ!" ಸ್ನಾಯು ಜಾಗ ಬದಲಿಸಿದೆ, ನರ ಹಾಗೇ ಇದೆ. ತೋಳು ಒತ್ತಬೇಕು ಅಂತ ಮೆದುಳು ಹೇಳಿದರೆ ಅದು ಎದೆಯಲ್ಲಿ ಕೂತೇ ಬಿಗಿಯಾಗುತ್ತದೆ. ಕೆಲವು ಸರ್ಜನ್ನರು ಆಪರೇಷನ್ನಿನಲ್ಲೇ ನರ ಕತ್ತರಿಸುತ್ತಾರೆ. ಆದರೆ ಆಗ ಸ್ನಾಯು ಬೇಗ ಸೊರಗಿ ಗಾತ್ರ ಇಳಿಯುತ್ತದೆ ಅನ್ನುವವರೂ ಇದ್ದಾರೆ. ಇಲ್ಲಿ ಉಳಿಸಿದ್ದರು. ಬೇಕಿದ್ದರೆ ಆಮೇಲೂ ಕತ್ತರಿಸಬಹುದು ಅಂತ ಗೊತ್ತಾದ ಮೇಲೆ ಆಕೆ ನಿರಾಳವಾದರು. ನಾದುವಾಗ ಮೊಣಕೈ ನೇರ ಇಟ್ಟು ಮೈ ಭಾರ ಬಿಟ್ಟು ಒತ್ತುವುದನ್ನು ಅಭ್ಯಾಸ ಮಾಡಿಸಿದೆ. ಜಿಗಿತ ತುಂಬಾ ಕಡಿಮೆಯಾಯಿತು.

ನಾಲ್ಕನೇ ತಿಂಗಳಲ್ಲಿ ಹೊಸ ಸ್ತನದ ಮೇಲೆ ರೂಪಾಯಿ ನಾಣ್ಯದಷ್ಟು ಕಂದು ಕಲೆ ಕಂಡಿತು. ಅಕ್ಕನಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ವಿಚಾರಿಸಿದರೆ, ಬಿಸಿ ರೊಟ್ಟಿಯ ಸ್ಟೀಲ್ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಮಹಡಿ ಇಳಿಯುತ್ತಿದ್ದರು. ಫ್ಲ್ಯಾಪ್‌ನ ಚರ್ಮದಲ್ಲಿ ಬಿಸಿ, ತಣ್ಣಗೆ ಅನ್ನುವುದು ತಿಳಿಯುವುದಿಲ್ಲ. ಕೆಲವರಿಗೆ ಅಲ್ಪಸ್ವಲ್ಪ ಮರಳುತ್ತದೆ, ಹಲವರಿಗೆ ಇಲ್ಲ. ಬಿಸಿನೀರಿನ ಚೀಲ ಇಟ್ಟು ಸುಟ್ಟುಕೊಂಡವರೂ ಇದ್ದಾರೆ. ಕಲೆ ಮುಲಾಮಿನಲ್ಲೇ ವಾಸಿಯಾಯಿತು. ಆಮೇಲೆ ದಪ್ಪ ಬಟ್ಟೆಯ ಏಪ್ರನ್ ಬಂತು. ಡಬ್ಬಿ ಬಲ ಸೊಂಟಕ್ಕೆ ಹೋಯಿತು. ರಾತ್ರಿ ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳುವ ಅಭ್ಯಾಸವೂ ಆಯಿತು.

ಒಂದು ವರ್ಷಕ್ಕೆ

ಎಡ ತೋಳು ಎಲ್ಲ ಕಡೆಗೂ ಪೂರ್ತಿ ತಿರುಗುತ್ತದೆ. ಕೆಳಕ್ಕೆ ಎಳೆಯುವ ಶಕ್ತಿ ಬಲಗಡೆಗಿಂತ ಕಡಿಮೆಯೇ ಇದೆ, ಅದು ಪೂರ್ತಿ ಸಮ ಆಗುವುದಿಲ್ಲ. ನೆಲದಿಂದ ಏಳುವಾಗ ಈಗಲೂ ಬಲ ಮಗ್ಗುಲೇ. ಪುಣೆಯ ಚಳಿಗೆ ಡಿಸೆಂಬರ್‌ನಲ್ಲಿ ಬೆನ್ನಿನ ಹೊಲಿಗೆ ಎಳೆದ ಹಾಗಾಗುತ್ತದೆ, ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಾರೆ. ಖಾನಾವಳಿಗಳ ಆರ್ಡರ್ ಮೊದಲಿನಷ್ಟೇ ಇದೆ. ಬಗ್ಗಿದರೆ ಏನೂ ಸರಿಯುವುದಿಲ್ಲ.

ಸ್ತನದ ಗಾತ್ರ ಮೊದಲ ತಿಂಗಳುಗಳಿಗಿಂತ ಸ್ವಲ್ಪ ಇಳಿದಿದೆ. ತೊಡೆಯ ಕೊಬ್ಬು ತುಂಬಿ ಸರಿ ಮಾಡಬಹುದು, ತೊಟ್ಟನ್ನೂ ಕಟ್ಟಬಹುದು ಅಂತ ಸರ್ಜನ್ ಹೇಳಿದರು. ಎರಡೂ ಬೇಡ ಅಂದರು ಅಕ್ಕ. ಮಶೇರಿ ಮತ್ತೆ ಮುಟ್ಟಿಲ್ಲ. ಕ್ಯಾನ್ಸರ್ ಡಾಕ್ಟರರ ಹತ್ತಿರ ಆರು ತಿಂಗಳಿಗೊಮ್ಮೆ ಹೋಗಬೇಕು, ಬಲ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ. ಈ ವರ್ಷದ್ದು ಆಗಿದೆ. ಮುಂದಿನದರ ತಾರೀಕನ್ನು ಮಗಳು ಫೋನಿನಲ್ಲಿ ಹಾಕಿಟ್ಟಿದ್ದಾಳೆ.